ಕ್ಲೋಸ್‌ಪೇಟೆಯ ಮೇಷ್ಟ್ರು, ಮೈಸೂರಿನ ಇಂಗ್ಲಿಷ್ ವಿಭಾಗ

ಕಾಲೇಜು ಮೇಷ್ಟ್ರುಗಳಿಗೆ ವರ್ಷಕ್ಕೊಮ್ಮೆ ತಪ್ಪದ ಕೆಲಸವೆಂದರೆ ವಾರ್ಷಿಕ ವರದಿ. ಕಾಲೇಜುಗಳನ್ನು ಅಳೆದು ದರ್ಜೆ ಕೊಡುವ ನ್ಯಾಕ್ ಬಂದಮೇಲಂತೂ ಅದರ ಗಡಿಬಿಡಿ ಇನ್ನೂ ಹೆಚ್ಚು. ವಿಭಾಗದಲ್ಲಿ ಎಷ್ಟು ವಿಚಾರ ಸಂಕಿರಣ ನಡೆದವು, ಎಷ್ಟು ಪ್ರಬಂಧ ಅಚ್ಚಾದವು, ಯಾರಿಗೆ ಪಿಎಚ್.ಡಿ. ಬಂತು ಎಂದೆಲ್ಲ ಫೋಟೊ ಸಮೇತ ಫೈಲು ಕಟ್ಟಬೇಕು. ಮಾಗಡಿಯಾದರೇನು, ಮೈಸೂರಾದರೇನು, ಯಾರಿಗೂ ಇದು ತಪ್ಪಿದ್ದಲ್ಲ. 1952ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗ ಇಂಥದೊಂದು ವರದಿ ಬರೆದಿದ್ದರೆ, ಅದರಲ್ಲಿ ಇಂದಿಗೂ ಓದಬೇಕೆನಿಸುವ ಸಾಲು ಒಂದು ಇರುತ್ತಿತ್ತು: ಈ ವರ್ಷ ‘ಲಿಟರರಿ ಕ್ರೈಟೀರಿಯನ್’ ಎಂಬ ವಿಮರ್ಶೆಯ ಪತ್ರಿಕೆ ಶುರುವಾಯಿತು.

ಅದನ್ನು ಶುರುಮಾಡಿದವರು ಸಿ.ಡಿ. ನರಸಿಂಹಯ್ಯ. ಇನಿಷಿಯಲ್ಲಿನ ‘ಸಿ’ ಅಂದರೆ ಕ್ಲೋಸ್‌ಪೇಟೆ, ‘ಡಿ’ ಅಂದರೆ ದಾಸಪ್ಪ. ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರು ಹೊತ್ತಿದ್ದ ಆ ಊರೇ ಈಗಿನ ರಾಮನಗರ. ಭೂವಿಜ್ಞಾನಿಗಳು ಇಲ್ಲಿನ ಬಂಡೆಗೆ ಇವತ್ತಿಗೂ ಕ್ಲೋಸ್‌ಪೇಟ್ ಗ್ರ್ಯಾನೈಟ್ ಎನ್ನುತ್ತಾರೆ. ಊರಿನ ಹೆಸರು ಬದಲಾಯಿತು, ಈಚೆಗೆ ಜಿಲ್ಲೆಯ ಹೆಸರೂ ಬೆಂಗಳೂರು ದಕ್ಷಿಣವಾಯಿತು. ನರಸಿಂಹಯ್ಯನವರು ಮಾತ್ರ ಹಳೆಯ ಹೆಸರನ್ನೇ ಹೊತ್ತು ಲೋಕ ಸುತ್ತಿದರು.

1952ನೇ ಇಸವಿ ರಾಮನಗರದ ಪಾಲಿಗೆ ಬೇರೆ ಕಾರಣಕ್ಕೆ ದೊಡ್ಡದು. ಆ ವರ್ಷದ ಮಾರ್ಚ್‌ನಲ್ಲಿ ಇಲ್ಲಿನವರೇ ಆದ ಕೆಂಗಲ್ ಹನುಮಂತಯ್ಯ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಅವರು ಕಟ್ಟಿಸಿದ ವಿಧಾನಸೌಧ ಎಲ್ಲರಿಗೂ ಗೊತ್ತು. ಅದೇ ವರ್ಷ ಅದೇ ಊರಿನ ಇನ್ನೊಬ್ಬರು ಹೊರತಂದ ಪತ್ರಿಕೆ, ವಿಮರ್ಶೆ ಓದುವ ಕೆಲವರನ್ನು ಬಿಟ್ಟರೆ, ಊರಿನವರ ಕಿವಿಗೂ ಬಿದ್ದಿರಲಾರದು. ಇದರಲ್ಲಿ ದೂರುವಂಥದ್ದೇನೂ ಇಲ್ಲ. ರೇಷ್ಮೆಗೂಡಿನ ದರ ವಿಚಾರಿಸುವ ಊರಿನಲ್ಲಿ ಎಲಿಯಟ್‌ನ ಮೇಲಿನ ಪ್ರಬಂಧ ಯಾರಿಗೆ ಬೇಕು?

ನರಸಿಂಹಯ್ಯ ಹುಟ್ಟಿದ್ದು 1921ರಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಕೇಂಬ್ರಿಡ್ಜ್‌ಗೆ ಹೋದರು. ಆಗ ಅಲ್ಲಿ ಎಫ್.ಆರ್. ಲೀವಿಸ್ ಎಂಬ ಮೇಷ್ಟ್ರ ಕಾಲ. ಕವಿಯ ಜೀವನಚರಿತ್ರೆ, ಕಾಲದೇಶ ವರ್ತಮಾನ ಎಲ್ಲ ಆಮೇಲೆ, ಮೊದಲು ಪುಟದ ಮೇಲಿರುವ ಪದಗಳನ್ನು ಓದಿ ಎನ್ನುವುದು ಅವರ ಹಟ. ಕೃತಿ ಚೆನ್ನಾಗಿದೆಯೇ ಇಲ್ಲವೇ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಓದುಗನಿಗಿರಬೇಕು ಎನ್ನುವುದು ಇನ್ನೊಂದು ಹಟ. ಈ ಎರಡನ್ನೂ ಕಟ್ಟಿಕೊಂಡು ಊರಿಗೆ ಬಂದ ನರಸಿಂಹಯ್ಯ ಮೂವತ್ತರ ಆಸುಪಾಸಿನಲ್ಲೇ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪ್ರೊಫೆಸರಾದರು, ಮುಂದೆ ಪ್ರಾಂಶುಪಾಲರೂ ಆದರು.

ಅವರು ಹೊಕ್ಕ ವಿಭಾಗ ಸಾಮಾನ್ಯದ್ದಲ್ಲ. 1916ರಲ್ಲಿ ವಿಶ್ವವಿದ್ಯಾಲಯ ಹುಟ್ಟಿದಾಗಿನಿಂದ ಅಲ್ಲಿ ಇಂಗ್ಲಿಷ್ ಮೇಷ್ಟ್ರುಗಳದೇ ಒಂದು ವಿಚಿತ್ರ ಪರಂಪರೆ. ಹೊಟ್ಟೆಪಾಡಿಗೆ ಇಂಗ್ಲಿಷ್ ಪಾಠ, ಮನಸ್ಸೆಲ್ಲ ಕನ್ನಡದ ಮೇಲೆ. ಬಿಎಂಶ್ರೀ ಎಂದೇ ಹೆಸರಾದ ಬಿ.ಎಂ. ಶ್ರೀಕಂಠಯ್ಯ ವರ್ಡ್ಸ್‌ವರ್ತ್, ಶೆಲ್ಲಿಯರನ್ನು ತರಗತಿಯಲ್ಲಿ ಪಾಠ ಹೇಳುತ್ತ, ‘ಇಂಗ್ಲಿಷ್ ಗೀತಗಳು’ ಮೂಲಕ ಕನ್ನಡ ಕವಿತೆಯ ನಡಿಗೆಯನ್ನೇ ಬದಲಿಸಿದರು. 1926ರಲ್ಲಿ ಆ ಸಂಕಲನದ ಜೊತೆಗೆ ‘ಗದಾಯುದ್ಧ ನಾಟಕಂ’ ಕೂಡ ಬಂತು. ಎಸ್.ವಿ. ರಂಗಣ್ಣ, ಎ.ಎನ್. ಮೂರ್ತಿರಾವ್ ಇಂಗ್ಲಿಷ್ ಮೇಷ್ಟ್ರುಗಳೇ. ಕನ್ನಡ ನವೋದಯದ ಅರ್ಧ ಚರಿತ್ರೆಯನ್ನು ಈ ವಿಭಾಗದ ಹಾಜರಿ ಪುಸ್ತಕ ಇಟ್ಟುಕೊಂಡು ಬರೆಯಬಹುದು ಎಂದರೆ ಉತ್ಪ್ರೇಕ್ಷೆ ಇರಬಹುದು, ಬಹಳ ಇಲ್ಲ.

ನರಸಿಂಹಯ್ಯ ಹಿಡಿದ ದಾರಿ ಬೇರೆ. ಬಿಎಂಶ್ರೀ ಇಂಗ್ಲಿಷಿನಿಂದ ಕನ್ನಡಕ್ಕೆ ತಂದರು. ಇವರು ಇಂಗ್ಲಿಷಿನೊಳಗೇ ಕೂತು, ಅದನ್ನು ಓದುವ ಜಾಗವನ್ನು ಬದಲಿಸಲು ಹೊರಟರು. ಲಂಡನ್ನಿನವರು ಓದಿದಂತೆಯೇ ಮೈಸೂರಿನವರೂ ಏಕೆ ಓದಬೇಕು ಎನ್ನುವುದು ಅವರ ಪ್ರಶ್ನೆ. ಭಾರತೀಯರು ಇಂಗ್ಲಿಷಿನಲ್ಲಿ ಬರೆದದ್ದು ಪಠ್ಯಕ್ಕೆ ಲಾಯಕ್ಕಲ್ಲ ಎಂದು ಮೂಗು ಮುರಿಯುತ್ತಿದ್ದ ಕಾಲದಲ್ಲಿ, ಅದನ್ನು ಎಂ.ಎ. ತರಗತಿಗೆ ತಂದ ಮೊದಲಿಗರಲ್ಲಿ ಅವರೊಬ್ಬರು. ಹಾಸನದಲ್ಲಿ ಹುಟ್ಟಿದ ರಾಜಾರಾವ್ 1938ರಲ್ಲಿ ಪ್ರಕಟಿಸಿದ ‘ಕಾಂತಾಪುರ’ದಲ್ಲಿ ಅಜ್ಜಿಯೊಬ್ಬಳು ತನ್ನ ಊರಿನ ಗಾಂಧಿ ಚಳವಳಿಯನ್ನು ಸ್ಥಳಪುರಾಣದಂತೆ ಹೇಳುತ್ತಾಳೆ. ಅಂಥ ಇಂಗ್ಲಿಷನ್ನು ಆಕ್ಸ್‌ಫರ್ಡಿನ ಅಳತೆಗೋಲಿನಿಂದ ಅಳೆದರೆ ಏನು ಸಿಕ್ಕೀತು? ಮೈಸೂರಿನಲ್ಲೇ ವಾಸವಿದ್ದ ಆರ್.ಕೆ. ನಾರಾಯಣ್, ಮುಲ್ಕ್ ರಾಜ್ ಆನಂದ್, ಅರವಿಂದರು, ನೆಹರೂ ಎಲ್ಲರನ್ನೂ ಸೇರಿಸಿ ಅವರು ಬರೆದ ‘ದಿ ಸ್ವಾನ್ ಅಂಡ್ ದಿ ಈಗಲ್’ 1969ರಲ್ಲಿ ಬಂತು. ಆಮೇಲೆ ಅಮೆರಿಕ, ಆಸ್ಟ್ರೇಲಿಯಾ, ಆಫ್ರಿಕಾದ ಸಾಹಿತ್ಯವೂ ಮೈಸೂರಿನ ಪಾಠದ ಕೋಣೆಗೆ ಬಂತು. ‘ಲಿಟರರಿ ಕ್ರೈಟೀರಿಯನ್’ ಆಸ್ಟ್ರೇಲಿಯಾದ ಸಾಹಿತ್ಯಕ್ಕೇ ಒಂದು ವಿಶೇಷ ಸಂಚಿಕೆ ಮೀಸಲಿಟ್ಟಿತ್ತು. ಸಹೋದ್ಯೋಗಿ ಎಚ್.ಎಚ್. ಅಣ್ಣಯ್ಯಗೌಡರು 1960ರಲ್ಲಿ ‘ಲಿಟರರಿ ಹಾಫ್ ಇಯರ್ಲಿ’ ಶುರುಮಾಡಿದ ಮೇಲೆ ಒಂದೇ ಊರಿನಿಂದ ಇಂಗ್ಲಿಷ್ ಸಾಹಿತ್ಯದ ಎರಡು ಪತ್ರಿಕೆಗಳು ಹೊರಡತೊಡಗಿದವು. ಇಬ್ಬರ ನಡುವೆ ಪೈಪೋಟಿ ಇತ್ತೋ ಏನೋ, ಓದುಗರಿಗಂತೂ ಲಾಭವಾಯಿತು.

ಆದರೆ ವಿಭಾಗವೊಂದರ ನಿಜವಾದ ಸಾಧನೆ ವರದಿಯಲ್ಲಿ ದಾಖಲಾಗುವುದೇ ಇಲ್ಲ, ಅದು ವಿದ್ಯಾರ್ಥಿಗಳಲ್ಲಿ ಎಷ್ಟೋ ವರ್ಷ ಕಳೆದ ಮೇಲೆ ಕಾಣುತ್ತದೆ. ನರಸಿಂಹಯ್ಯನವರ ಶಿಷ್ಯ ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿಗೆ ಪಿಎಚ್.ಡಿ.ಗೆ ಹೋದರು. ಅಲ್ಲಿ ಕಾದಂಬರಿಕಾರ ಮಾಲ್ಕಮ್ ಬ್ರ್ಯಾಡ್‌ಬರಿ ಜೊತೆ ಬರ್ಗ್‌ಮನ್‌ನ ‘ಸೆವೆಂತ್ ಸೀಲ್’ ಸಿನಿಮಾ ನೋಡಿ ಬಂದ ಮೇಲೆ ನಡೆದ ಮಾತುಕತೆಯೇ ‘ಸಂಸ್ಕಾರ’ಕ್ಕೆ ಎಡೆಮಾಡಿತು ಎಂದು ಅವರು ಅನೇಕ ಕಡೆ ಹೇಳಿಕೊಂಡಿದ್ದಾರೆ. 1965ರಲ್ಲಿ ಪ್ರಕಟವಾದ ಆ ಕಾದಂಬರಿಯನ್ನು 1976ರಲ್ಲಿ ಇಂಗ್ಲಿಷಿಗೆ ತಂದವರು ಮಹಾರಾಜಾ ಕಾಲೇಜಿನಲ್ಲೇ ಇಂಗ್ಲಿಷ್ ಓದಿದ ಎ.ಕೆ. ರಾಮಾನುಜನ್. ಪಿ. ಲಂಕೇಶರೂ ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರೇ. ಬಿಎಂಶ್ರೀ ಕಾಲದ ಚಾಳಿ ನರಸಿಂಹಯ್ಯನವರ ಕಾಲಕ್ಕೂ ಬಿಟ್ಟಿರಲಿಲ್ಲ: ಇಂಗ್ಲಿಷ್ ಓದಿದ ಹುಡುಗರು ಕನ್ನಡಕ್ಕೇ ಬರುತ್ತಿದ್ದರು.

1979ರಲ್ಲಿ ನಿವೃತ್ತರಾದವರು ಮನೆಯಲ್ಲಿ ಕೂರಲಿಲ್ಲ. ಅದೇ ವರ್ಷ ಮೈಸೂರಿನ ಬೋಗಾದಿ ಕಡೆ ‘ಧ್ವನ್ಯಾಲೋಕ’ ಎಂಬ ಅಧ್ಯಯನ ಕೇಂದ್ರ ಕಟ್ಟಿದರು. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನ ಕಾವ್ಯಮೀಮಾಂಸೆಯ ಗ್ರಂಥದ ಹೆಸರನ್ನೇ ಅದಕ್ಕಿಟ್ಟರು. ಗ್ರಂಥಾಲಯ, ಅತಿಥಿಗೃಹ, ವರ್ಷವಿಡೀ ವಿಚಾರ ಸಂಕಿರಣ. ದೇಶವಿದೇಶದ ಲೇಖಕರು, ಸಂಶೋಧಕರು ಬಂದು ತಂಗುತ್ತಿದ್ದರು. ಭಾರತದ ಎಲ್ಲ ಭಾಷೆಗಳ ಸಾಹಿತ್ಯಕ್ಕೂ ಒಂದೇ ಕಾವ್ಯಮೀಮಾಂಸೆ ಸಾಧ್ಯವೇ ಎಂಬ ಚರ್ಚೆ ಇಲ್ಲಿ ನಡೆದು 1984ರಲ್ಲಿ ಪುಸ್ತಕವಾಯಿತು. 1990ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಮರುವರ್ಷ ಬಂದ ಆತ್ಮಕಥೆಗೆ ಅವರಿಟ್ಟ ಹೆಸರು ‘ಎನ್ ಫಾರ್ ನೋಬಡಿ’. ಪದ್ಮಭೂಷಣದ ಬೆನ್ನಿಗೇ ತನ್ನನ್ನು ‘ಯಾರೂ ಅಲ್ಲ’ ಎಂದುಕೊಳ್ಳುವುದರಲ್ಲಿ ವಿನಯವೆಷ್ಟು, ಕುಚೋದ್ಯವೆಷ್ಟು ಎನ್ನುವುದನ್ನು ಓದಿಯೇ ತೀರ್ಮಾನಿಸಬೇಕು. 2005ರಲ್ಲಿ ಅವರು ತೀರಿಕೊಂಡ ಮೇಲೆ ಸಂಸ್ಥೆಯನ್ನೂ ಪತ್ರಿಕೆಯನ್ನೂ ಮುನ್ನಡೆಸಿದವರು ಅವರ ಮಗ, ಇಂಗ್ಲಿಷ್ ಪ್ರಾಧ್ಯಾಪಕರೇ ಆದ ಸಿ.ಎನ್. ಶ್ರೀನಾಥ್.

ಇಲ್ಲಿ ನನ್ನದೊಂದು ತಕರಾರಿದೆ. ಸಂಸ್ಕೃತ ಕಾವ್ಯಮೀಮಾಂಸೆಯ ರಸ, ಧ್ವನಿಗಳನ್ನು ಇಂದಿನ ವಿಮರ್ಶೆಗೆ ತರಬೇಕೆಂಬ ನರಸಿಂಹಯ್ಯನವರ ಹಂಬಲ ಇಂಗ್ಲಿಷ್ ವಲಯಕ್ಕೆ ಹೊಸತಾಗಿರಬಹುದು, ಕನ್ನಡಕ್ಕಲ್ಲ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲೇ ಬಂದಿತ್ತು. ತೀನಂಶ್ರೀ ಕೂಡ ಇದೇ ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಆಮೇಲೆ ಕನ್ನಡ ಎಂ.ಎ. ಮಾಡಿದವರು. ‘ಲಿಟರರಿ ಕ್ರೈಟೀರಿಯನ್’ ಹುಟ್ಟಿದ ಮರುವರ್ಷವೇ ಬಂದ ಆ ಪುಸ್ತಕವನ್ನು ಕನ್ನಡದ ಹುಡುಗರು ಇವತ್ತಿಗೂ ಬಿ.ಎ., ಎಂ.ಎ.ಗಳಲ್ಲಿ ಓದುತ್ತಾರೆ. ನರಸಿಂಹಯ್ಯ ಬರೆದದ್ದು ಬಹುಪಾಲು ಇಂಗ್ಲಿಷಿನಲ್ಲಿ. ಹಾಗಾಗಿ ಅವರ ಹೆಸರು ಸಿಡ್ನಿಯ ಸಾಹಿತ್ಯ ಪ್ರಾಧ್ಯಾಪಕರಿಗೆ ಗೊತ್ತಿದ್ದಷ್ಟು ಚನ್ನಪಟ್ಟಣದ ಪದವಿ ವಿದ್ಯಾರ್ಥಿಗೆ ಗೊತ್ತಿರಲಾರದು. ರಾಮನಗರದಲ್ಲೇ ಹುಟ್ಟಿದ ಜಿ.ಪಿ. ರಾಜರತ್ನಂ ಅವರ ಶಿಶುಗೀತೆ ಇಲ್ಲಿನ ಅಂಗನವಾಡಿ ಮಕ್ಕಳ ಬಾಯಲ್ಲೂ ಇದೆಯಲ್ಲ. ಯಾವ ಭಾಷೆಯಲ್ಲಿ ಬರೆದರೆ ಯಾರನ್ನು ತಲುಪುತ್ತೇವೆ ಎಂಬುದಕ್ಕೆ ಒಂದೇ ಊರಿನ ಈ ಇಬ್ಬರಿಗಿಂತ ಬೇರೆ ಸಾಕ್ಷಿ ಬೇಡ.

ಕನಕಪುರದಲ್ಲೋ ಮಾಗಡಿಯಲ್ಲೋ ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡು, ಮುಂದೆ ಎಂ.ಎ.ಗೆ ಬೆಂಗಳೂರಿಗೆ ಹೋಗಲೋ ಮೈಸೂರಿಗೋ ಎಂದು ಲೆಕ್ಕ ಹಾಕುತ್ತಿರುವವರು ನೇರವಾಗಿ ನರಸಿಂಹಯ್ಯನವರ ವಿಮರ್ಶೆಗೆ ಕೈಹಾಕುವುದು ಬೇಡ. ವಾಕ್ಯಗಳು ಅಲ್ಲಲ್ಲಿ ಬಿಗಿ, ಉಪದೇಶವೂ ತುಸು ಜಾಸ್ತಿ. ಮೊದಲು ‘ಕಾಂತಾಪುರ’ ಓದಲಿ. ಆಮೇಲೆ ‘ಸ್ವಾನ್ ಅಂಡ್ ದಿ ಈಗಲ್’ನಲ್ಲಿ ರಾಜಾರಾವ್ ಮೇಲಿನ ಭಾಗ ತೆಗೆದು, ಮೇಷ್ಟ್ರು ಹೇಳಿದ್ದನ್ನು ಎಲ್ಲೆಲ್ಲಿ ಒಪ್ಪುವುದಿಲ್ಲ ಎಂದು ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುತ್ತ ಹೋಗಲಿ. ಪುಸ್ತಕ ಗ್ರಂಥಾಲಯದ್ದಾದರೆ ಗುರುತು ನೋಟ್‌ಬುಕ್ಕಿನಲ್ಲಿರಲಿ.