ಪುಟ್ಟ ವಿಮಾನಕ್ಕೊಂದು ಪುಟ್ಟ ಬೆಲ್ಟು

ಮಕ್ಕಳು ಪ್ಲಾಸ್ಟಿಕ್ ಕಿಟ್ ತಂದು, ತುಂಡುಗಳನ್ನು ಅಂಟಿಸಿ ವಿಮಾನ ಮಾಡುವುದನ್ನು ನೀವು ನೋಡಿರಬಹುದು. ರೆಕ್ಕೆ, ಚಕ್ರ, ಬಣ್ಣ ಎಲ್ಲಾ ಚೆನ್ನಾಗಿರುತ್ತೆ. ಆದರೆ ಪೈಲಟ್ ಕೂರುವ ಜಾಗಕ್ಕೆ ಇಣುಕಿ ನೋಡಿ, ಸೀಟು ಬೋಳುಬೋಳು! ಎಷ್ಟೋ ಕಿಟ್‌ಗಳಲ್ಲಿ ಸೀಟ್ ಬೆಲ್ಟೇ ಇರುವುದಿಲ್ಲ. ಇದ್ದರೂ ಸೀಟಿನ ಮೇಲೆ ಉಬ್ಬಿದ ಗೆರೆ, ಅಷ್ಟೇ. ಇದನ್ನು ಸರಿಮಾಡಲು ಬೇಕಾದ ಸಾಮಾನೆಲ್ಲ ನಮ್ಮ ಮನೆಯಲ್ಲೇ ಇದೆ.

ಮೊದಲು ನಿಜವಾದ ಬೆಲ್ಟ್ ಹೇಗಿತ್ತು ತಿಳಿಯೋಣ. ಇಂಗ್ಲೆಂಡಿನ ಸ್ಪಿಟ್‌ಫೈರ್ ವಿಮಾನ ಮೊದಲು ಹಾರಿದ್ದು 1936ರ ಮಾರ್ಚ್ 5ರಂದು. ಏರ್‌ಫಿಕ್ಸ್ ಕಂಪನಿ 1950ರ ದಶಕದಲ್ಲೇ ಅದರ ಕಿಟ್ ತಂದಿತು. ಎರಡನೇ ಮಹಾಯುದ್ಧದಲ್ಲಿ ಈ ವಿಮಾನದ ಪೈಲಟ್‌ಗೆ ಸಟನ್ ಹಾರ್ನೆಸ್ ಎಂಬ ಬೆಲ್ಟ್ ಇತ್ತು. ಭುಜದ ಮೇಲಿಂದ ಎರಡು, ತೊಡೆಯ ಮೇಲೆ ಎರಡು, ಒಟ್ಟು ನಾಲ್ಕು ಕ್ಯಾನ್‌ವಾಸ್ ಪಟ್ಟಿ. ಬೂಟಿನ ದಾರದ ತೂತಿನ ಹಾಗೆ ಅವಕ್ಕೆ ಸಾಲಾಗಿ ಲೋಹದ ಕಣ್ಣುಗಳು. ನಾಲ್ಕನ್ನೂ ಹೊಟ್ಟೆಯ ಬಳಿ ಒಂದೇ ಗೂಟಕ್ಕೆ ಸಿಕ್ಕಿಸಿ ಕ್ಲಿಪ್ ಹಾಕುತ್ತಿದ್ದರು. ವಿಮಾನ ತಲೆಕೆಳಗಾದರೂ ಹುಡುಗ ಬೀಳಬಾರದು. ಬೆಂಕಿ ಹತ್ತಿದರೆ ಕ್ಲಿಪ್ ಎಳೆದ ಕೂಡಲೇ ಬಿಚ್ಚಿಕೊಂಡು ಹಾರಬೇಕು. ಇಪ್ಪತ್ತು, ಇಪ್ಪತ್ತೆರಡು ವಯಸ್ಸಿನ ಎಷ್ಟೋ ಮಕ್ಕಳ ಜೀವ ಈ ಪಟ್ಟಿಗಳನ್ನೇ ನಂಬಿತ್ತು.

ಈಗ ಅಳತೆ. 5 ಸೆಂ.ಮೀ. ಅಗಲದ ಪಟ್ಟಿ 1:48 ಮಾದರಿಯಲ್ಲಿ ಸುಮಾರು 1 ಮಿ.ಮೀ., 1:72ರಲ್ಲಿ 0.7 ಮಿ.ಮೀ. ಆಗುತ್ತೆ.

ಮಾಡುವ ವಿಧಾನ: ತೆಳು ಬಿಳಿ ಕಾಗದವನ್ನು ತಿಳಿಯಾದ ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ. ಹಳೇ ಕ್ಯಾನ್‌ವಾಸಿನ ಮಾಸಲು ಬಣ್ಣ ತಾನಾಗಿ ಬರುತ್ತೆ. ಸ್ಟೀಲ್ ಸ್ಕೇಲ್ ಇಟ್ಟು ಹೊಸ ಬ್ಲೇಡಿನಿಂದ ಸಣ್ಣ ಪಟ್ಟಿ ಕೊಯ್ಯಿರಿ. ಚೂಪು ಪೆನ್ಸಿಲ್‌ನಿಂದ ಚುಕ್ಕೆ ಇಟ್ಟರೆ ಅವೇ ಲೋಹದ ಕಣ್ಣುಗಳು. ನೀರು ಬೆರೆಸಿದ ಫೆವಿಕಾಲ್ ಸವರಿ, ಪಟ್ಟಿ ಮೆತ್ತಗಾದಾಗ ಹಲ್ಲುಕಡ್ಡಿಯಿಂದ ಸೀಟಿನ ಮೇಲೆ ಕೂರಿಸಿ.

ಮುಖ್ಯವಾದ ಮಾತು ಇಲ್ಲಿದೆ. ಪಟ್ಟಿಯನ್ನು ನೇರವಾಗಿ, ಚಪ್ಪಟೆಯಾಗಿ ಅಂಟಿಸಬೇಡಿ. ಬಟ್ಟೆಗೆ ಭಾರವಿದೆ, ಅದು ಜೋಲುತ್ತೆ, ಅಂಚಿನಲ್ಲಿ ಮಡಿಯುತ್ತೆ. ಸೆರಗು ಹೇಗೆ ಬೀಳುತ್ತೆ ಅಂತ ನಮಗೆ ಯಾರಾದರೂ ಹೇಳಿಕೊಡಬೇಕೇ? ಭುಜದ ಪಟ್ಟಿಗಳು ಸೀಟಿನ ಬೆನ್ನಿನ ಮೇಲಿಂದ ಇಳಿದು, ತುದಿ ಸ್ವಲ್ಪ ಸೊಟ್ಟಗೆ ಬಿದ್ದಿರಲಿ. ಯಾರೋ ಈಗಷ್ಟೇ ಎದ್ದುಹೋದ ಹಾಗೆ ಕಾಣಬೇಕು.

ಒಂದು ಎಚ್ಚರಿಕೆ. ಹಿಂದೆ ಕೆಲವರು ಬೆಲ್ಟಿಗೆ ಸೀಸದ ತಗಡು ಬಳಸುತ್ತಿದ್ದರು. ಸೀಸ ವಿಷ, ಮಕ್ಕಳ ಕೈಗೆ ಖಂಡಿತ ಬೇಡ. ಬ್ಲೇಡ್ ಕೆಲಸ ದೊಡ್ಡವರೇ ಮಾಡಿ. ಕಿಟ್‌ನ ಅಂಟು, ಬಣ್ಣ ಬಳಸುವಾಗ ಕಿಟಕಿ ತೆರೆದಿಡಿ, ಒಲೆಯ ಹತ್ತಿರ ಕೂರಬೇಡಿ.

ಮೇಲಿನ ಪಾರದರ್ಶಕ ಮುಚ್ಚಳ ಅಂಟಿಸುವ ಮೊದಲೇ ಬೆಲ್ಟ್ ಕೂರಿಸಿಬಿಡಿ, ಆಮೇಲೆ ಒಳಗೆ ಕಡ್ಡಿಯೂ ಹೋಗಲ್ಲ. ಕೂರಿಸುತ್ತಾ ಆ ನಾಲ್ಕು ಪಟ್ಟಿ ಯಾಕಿದ್ದವು ಅನ್ನೋದನ್ನೂ ಮಗುವಿಗೆ ಹೇಳಿ. ನಾಳೆ ಕಾರಿನಲ್ಲಿ ಕೂತಾಗ ಬೆಲ್ಟ್ ಹಾಕಿಕೋ ಅಂತ ಎರಡು ಸಲ ಹೇಳಬೇಕಾಗಲಿಕ್ಕಿಲ್ಲ.