ಎದೆನೋವು: 'ಗ್ಯಾಸ್' ಎನ್ನುವ ಮುನ್ನ ಒಂದು ಇಸಿಜಿ

ಹೊಟೇಲು ನಡೆಸುವವರಿಗೆ ಹೊಟ್ಟೆಯ ತೊಂದರೆ ಹೊಸದಲ್ಲ. ಬೆಳಕು ಹರಿಯುವ ಮೊದಲೇ ಬೈಕುಲ್ಲಾ ಸ್ಟೇಷನ್ ಬಳಿಯ ತರಕಾರಿ ಮಾರ್ಕೆಟಿಗೆ ಹೋಗಬೇಕು, ಗಿರಾಕಿಗಳ ಊಟ ಮುಗಿದ ಮೇಲೆ ನಮ್ಮ ಊಟ, ರಾತ್ರಿ ಲೆಕ್ಕ ಮುಗಿಸಿ ಮಲಗುವಾಗ ತಾರೀಕು ಬದಲಾಗಿರುತ್ತದೆ. ಹೀಗಾಗಿ ಎದೆಯಲ್ಲಿ ಉರಿ, ಭಾರ ಕಾಣಿಸಿಕೊಂಡರೆ 'ಗ್ಯಾಸ್ ಆಗಿರಬೇಕು' ಎಂದು ಸೋಡಾ ಕುಡಿದು ಮತ್ತೆ ಗಲ್ಲಾದಲ್ಲಿ ಕೂರುವುದು ನಮ್ಮ ಉದ್ಯಮದಲ್ಲಿ ರೂಢಿಯಾಗಿದೆ. ಅಡುಗೆಮನೆಯ ಭಟ್ಟರು, ಟೇಬಲ್ ಒರೆಸುವ ಹುಡುಗರು ಮಾಡುವುದೂ ಅದನ್ನೇ. ಆದರೆ ಹೃದಯಾಘಾತವೂ ಎಷ್ಟೋ ಸಲ ಇದೇ ರೂಪದಲ್ಲಿ ಬರುತ್ತದೆ. ಮುಖ ನೋಡಿ ಎರಡನ್ನೂ ಬೇರ್ಪಡಿಸಲು ವೈದ್ಯರಿಗೂ ಆಗುವುದಿಲ್ಲ. ಇಸಿಜಿ ಬೇಕು, ಅದೂ ಹೊತ್ತಿಗೆ ಸರಿಯಾಗಿ.

ಆಗುವುದೇನು?

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ರಕ್ತನಾಳಗಳ ಒಳಗೋಡೆಯಲ್ಲಿ ವರ್ಷಾನುಗಟ್ಟಲೆ ಕೊಬ್ಬು ಸೇರುತ್ತದೆ. ಒಂದು ದಿನ ಆ ಪದರ ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅರ್ಧಕ್ಕಿಂತ ಕಡಿಮೆ ಅಡ್ಡಿಯಿದ್ದ ಜಾಗದಲ್ಲೂ ಹೀಗಾಗಬಹುದು. ಆದ್ದರಿಂದಲೇ ಹೋದ ತಿಂಗಳು ತಪಾಸಣೆಯಲ್ಲಿ ಎಲ್ಲ ಸರಿಯಿದ್ದವರಿಗೂ ಈ ತಿಂಗಳು ಆಘಾತವಾಗುವುದುಂಟು. ದಾರಿ ಮುಚ್ಚಿದ ಗಳಿಗೆಯಿಂದ ಸ್ನಾಯು ಸಾಯತೊಡಗುತ್ತದೆ. ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ.

2004ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಎಂಬ 52 ದೇಶಗಳ ಅಧ್ಯಯನದ ಆಧಾರದಲ್ಲಿ ತಿಳಿದುಬಂದಂತೆ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಸುಮಾರು ಐದಾರು ವರ್ಷ ಮೊದಲೇ, ಸರಾಸರಿ 53ರ ಆಸುಪಾಸಿನಲ್ಲಿ ಆಗುತ್ತದೆ. ಬೆಳಗಿನ ಹೊತ್ತಿನಲ್ಲಿ ಆಘಾತಗಳು ಹೆಚ್ಚು. ನಮ್ಮಲ್ಲಿ ಅದು ಇಡ್ಲಿ, ಚಹಾದ ಭರಾಟೆಯ ಸಮಯ. 'ಈ ಗಿರಾಕಿ ಕಳೆಯಲಿ, ನೋಡೋಣ' ಎಂದು ಮುಂದೂಡುವುದೂ ಆಗಲೇ.

ಕಂಡುಹಿಡಿಯುವ ಬಗೆ

ಮೊದಲನೆಯದು ಇಸಿಜಿ. ಹೃದಯದ ವಿದ್ಯುತ್ ಸಂಚಾರವನ್ನು ಗೆರೆಗಳಾಗಿ ಬರೆಯುವ ಈ ವಿಧಾನಕ್ಕಾಗಿ ಹಾಲೆಂಡಿನ ವಿಲ್ಲೆಮ್ ಐಂತೋವನ್ ಅವರಿಗೆ 1924ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನೂರು ವರ್ಷ ಕಳೆದರೂ ಎದೆನೋವಿಗೆ ಮೊದಲ ಪರೀಕ್ಷೆ ಇದೇ. ರೋಗಿ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ವೈದ್ಯರು ಒಪ್ಪಿಕೊಂಡಿರುವ ನಿಯಮ.

ಆದರೆ ಮೊದಲ ಇಸಿಜಿ ಸರಿಯಿದೆ ಎಂದಾಕ್ಷಣ ಎದ್ದು ಬರಬಾರದು. ಕೆಲವರಲ್ಲಿ ಬದಲಾವಣೆ ತಡವಾಗಿ ಕಾಣುತ್ತದೆ. ಆಗ ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ಸ್ನಾಯುವಿಗೆ ಪೆಟ್ಟಾದರೆ ಈ ಅಂಶ ರಕ್ತದಲ್ಲಿ ಏರುತ್ತದೆ. ಏರಲು ಕೆಲವು ಗಂಟೆ ಬೇಕಾಗುವುದರಿಂದ ಎರಡನೆಯ ಸಲ ರಕ್ತ ತೆಗೆಯುತ್ತಾರೆ. 'ಸುಮ್ಮನೆ ಬಿಲ್ಲು ಹೆಚ್ಚಿಸಲು' ಎಂದು ಭಾವಿಸಬೇಡಿ. ಹೃದಯದ ಬಡಿತ, ಕವಾಟಗಳನ್ನು ಪರದೆಯ ಮೇಲೆ ತೋರಿಸುವುದು ಎಕೋ. ಓಡಿಸಿ ನೋಡುವ ಟಿಎಂಟಿ ನೋವಿಲ್ಲದ ದಿನದ ಪರೀಕ್ಷೆ, ಎದೆನೋವು ಇರುವಾಗಿನದ್ದಲ್ಲ.

ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದಿರಬಹುದು. ಏದುಸಿರು, ತಣ್ಣನೆಯ ಬೆವರು, ವಾಂತಿ, ಕಾರಣವಿಲ್ಲದ ಸುಸ್ತು, ದವಡೆ ಅಥವಾ ತೋಳಿನ ಸೆಳೆತ ಕಂಡರೂ ಅನುಮಾನಿಸಬೇಕು.

ದಾರಿ ತೆರೆಯುವ ಬಗೆ

1977ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುನ್ಟ್‌ಜಿಗ್ ಎಂಬ ವೈದ್ಯರು ಸಪೂರ ಕೊಳವೆಯ ತುದಿಯ ಬಲೂನನ್ನು ಹೃದಯದ ರಕ್ತನಾಳದೊಳಗೆ ಉಬ್ಬಿಸಿ ದಾರಿ ತೆರೆದರು. ಅದೇ ಆಂಜಿಯೋಪ್ಲಾಸ್ಟಿ. ತೆರೆದ ದಾರಿ ಮತ್ತೆ ಮುಚ್ಚದಂತೆ ಲೋಹದ ಜಾಲರಿ, ಅಂದರೆ ಸ್ಟೆಂಟ್ ಇಡುವುದು 1986ರಲ್ಲಿ ಆರಂಭವಾಯಿತು. ಇಂದು ಹೆಚ್ಚಾಗಿ ಮಣಿಕಟ್ಟಿನ ನಾಳದ ಮೂಲಕವೇ, ರೋಗಿ ಎಚ್ಚರವಾಗಿರುವಾಗಲೇ ಇದನ್ನು ಮಾಡುತ್ತಾರೆ. ನಾಳ ಪೂರ್ತಿ ಮುಚ್ಚಿದ ಆಘಾತದಲ್ಲಿ, ಆಸ್ಪತ್ರೆ ಮುಟ್ಟಿದ 90 ನಿಮಿಷದೊಳಗೆ ಬಲೂನು ತಲುಪಬೇಕೆಂಬುದು ಗುರಿ. ಕ್ಯಾಥ್‌ಲ್ಯಾಬ್ ದೂರವಿದ್ದು ಎರಡು ಗಂಟೆಗಿಂತ ಹೆಚ್ಚು ತಡವಾಗುವಂತಿದ್ದರೆ, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು ಮುಂದೆ ಕಳುಹಿಸುತ್ತಾರೆ. ಹಲವು ನಾಳಗಳಲ್ಲಿ ಅಡ್ಡಿಯಿದ್ದರೆ ಬೈಪಾಸ್ ಶಸ್ತ್ರಕ್ರಿಯೆಯ ವಿಚಾರ ಬರುತ್ತದೆ.

ಬೈಕುಲ್ಲಾದವರ ಭಾಗ್ಯ

ಈ ವಿಷಯದಲ್ಲಿ ಬೈಕುಲ್ಲಾದ ಹೊಟೇಲಿಗರು ಅದೃಷ್ಟವಂತರು. 1845ರಲ್ಲಿ ಆರಂಭವಾದ ಸರಕಾರಿ ಜೆ.ಜೆ. ಆಸ್ಪತ್ರೆ ಇಲ್ಲಿಯೇ ಇದೆ. ಮುಂಬಯಿ ಸೆಂಟ್ರಲ್‌ನಲ್ಲಿ ಮಹಾನಗರಪಾಲಿಕೆಯ ನಾಯರ್ ಆಸ್ಪತ್ರೆ, ಪರೇಲ್‌ನಲ್ಲಿ ಕೆ.ಇ.ಎಂ. ಆಸ್ಪತ್ರೆ. ಇವು ಹೃದ್ರೋಗ ವಿಭಾಗಗಳಿರುವ ದೊಡ್ಡ ಬೋಧನಾ ಆಸ್ಪತ್ರೆಗಳು. 1968ರ ಫೆಬ್ರವರಿಯಲ್ಲಿ, ಜಗತ್ತಿನ ಮೊದಲ ಹೃದಯ ಕಸಿಯಾಗಿ ಮೂರು ತಿಂಗಳೂ ತುಂಬುವ ಮೊದಲೇ, ಡಾ. ಪಿ.ಕೆ. ಸೇನ್ ಭಾರತದ ಮೊದಲ ಹೃದಯ ಕಸಿ ಮಾಡಿದ್ದು ಕೆ.ಇ.ಎಂ.ನಲ್ಲಿಯೇ. ರೋಗಿ ಬದುಕಿದ್ದು ಕೆಲವೇ ಗಂಟೆ. ಆದರೂ ಅಷ್ಟು ಹಳೆಯ ಅನುಭವ ಈ ಪರಿಸರದ್ದು. ಇಷ್ಟು ಹತ್ತಿರ ಎಲ್ಲವೂ ಇರುವಾಗ ಜೀವ ಹೋಗುವುದು ಹಲವೊಮ್ಮೆ ದೂರದಿಂದಲ್ಲ, 'ನೋಡೋಣ' ಎಂದು ಕಳೆದ ಹೊತ್ತಿನಿಂದ.

ಊರಿನಲ್ಲಿರುವ ಹಿರಿಯರ ಚಿಂತೆಯೂ ನಮಗಿದೆ. ಮಂಗಳೂರಿನ ಕೆ.ಎಂ.ಸಿ.ಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ 'ಮನೆ ಬಾಗಿಲಿಗೆ ಹೃದ್ರೋಗ ಚಿಕಿತ್ಸೆ' ಎಂಬ ಆಶಯದ ಯೋಜನೆ ಆರಂಭಿಸಿ, ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸಿದರು. ಅಲ್ಲಿನ ವೈದ್ಯರು ವಾಟ್ಸಾಪ್ ಮೂಲಕ ಕಳುಹಿಸಿದ ಇಸಿಜಿಯನ್ನು ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಪುನೀತ್ ರಾಜ್‌ಕುಮಾರ್ ಅವರು 2021ರಲ್ಲಿ 46ರ ಹರೆಯದಲ್ಲಿ ತೀರಿಕೊಂಡ ಮೇಲೆ, ಕರ್ನಾಟಕ ಸರಕಾರ ಅವರ ಹೆಸರಿನಲ್ಲಿ 'ಹೃದಯ ಜ್ಯೋತಿ' ಯೋಜನೆ ತಂದಿದೆ. ತಾಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ನೋಡಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಇದರ ಉದ್ದೇಶ. ಊರಿಗೆ ಫೋನು ಮಾಡುವಾಗ ಈ ವಿಷಯವನ್ನೂ ತಿಳಿಸಿ.

ಖರ್ಚಿನ ಮಾತು

ಹಿಂದೆ ಔಷಧ ಲೇಪಿತ ಸ್ಟೆಂಟ್ ಒಂದಕ್ಕೆ ಲಕ್ಷ ದಾಟುತ್ತಿತ್ತು. 2017ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರ ಅದಕ್ಕೆ ತೆರಿಗೆ ಬಿಟ್ಟು ರೂ. 29,600ರ ಮಿತಿ ಹಾಕಿತು. ಆ ಬಳಿಕ ಮಿತಿ ಆಗಾಗ ಪರಿಷ್ಕರಣೆಯಾಗಿದೆ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆಯನ್ನು ಬೇರೆಯಾಗಿ ಬರೆಯುವಂತೆ ಕೇಳಿ. ಆಯುಷ್ಮಾನ್ ಭಾರತ್, ಮಹಾತ್ಮ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆ, ಇಎಸ್‌ಐ ಇವುಗಳಲ್ಲಿ ನಮ್ಮ ಕಾರ್ಮಿಕರು ಯಾವುದಕ್ಕೆ ಸೇರುತ್ತಾರೆ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿ, ಕಾರ್ಡು ಮಾಡಿಸಿಡಿ.

ಪ್ರತಿ ಹೊಟೇಲಿನಲ್ಲೂ ಆಗಬೇಕಾದ್ದು

1. ಹಗಲು ರಾತ್ರಿ ಕ್ಯಾಥ್‌ಲ್ಯಾಬ್ ತೆರೆದಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ಇಂದೇ ಕೇಳಿ ತಿಳಿದು, ಅದರ ಫೋನು ನಂಬರನ್ನೂ ಆಂಬುಲೆನ್ಸಿನ 108ನ್ನೂ ಗಲ್ಲಾದ ಹಿಂದಿನ ಗೋಡೆಗೆ ಅಂಟಿಸಿ.

2. ಎದೆನೋವು ಬಂದವರನ್ನು ಕೂರಿಸಿ. ಮೆಟ್ಟಿಲು ಹತ್ತಿಸಬೇಡಿ, ಅವರೇ ಸ್ಕೂಟರ್ ಓಡಿಸಿಕೊಂಡು ಹೋಗಲು ಬಿಡಬೇಡಿ.

3. ಆಸ್ಪಿರಿನ್ ಅಗಿಯಲು ವೈದ್ಯರು ಹೇಳುವುದುಂಟು. ಆದರೆ ಅದು ಆಗದವರೂ ಇದ್ದಾರೆ, ಫೋನಿನಲ್ಲಿ ಕೇಳಿಯೇ ಕೊಡಿ. ನಾಲಿಗೆಯಡಿ ಇಡುವ ಗುಳಿಗೆಯನ್ನು ಅಂದಾಜಿನಲ್ಲಿ ಕೊಡಬೇಡಿ, ರಕ್ತದೊತ್ತಡ ಕುಸಿಯಬಹುದು.

4. ಕುಸಿದು ಬಿದ್ದು ಸರಿಯಾಗಿ ಉಸಿರಾಡದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಕೈಯಿಂದ ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಇಳಿಯುವಂತೆ ಒತ್ತುತ್ತಿರಿ. ಪ್ರತಿ ಪಾಳಿಯಲ್ಲೂ ಇಬ್ಬರಿಗಾದರೂ ಈ ತರಬೇತಿ ಕೊಡಿಸೋಣ.

5. 'ರಜೆ ಕಡಿತವಾಗುತ್ತದೆ' ಎಂಬ ಭಯದಿಂದ ಯಾವ ಹುಡುಗನೂ ನೋವು ಮುಚ್ಚಿಡಬಾರದು. ಆ ಧೈರ್ಯ ಕೊಡಬೇಕಾದವರು ಮಾಲಕರು.

ಇಸಿಜಿ ಮಾಡಿಸಿ 'ಗ್ಯಾಸೇ' ಎಂದು ತಿಳಿದರೆ ನಷ್ಟ ಒಂದು ಗಂಟೆಯ ವ್ಯಾಪಾರ ಮಾತ್ರ. ಮಾಡಿಸದೆ ಅದು ಹೃದಯವಾಗಿದ್ದರೆ, ಆ ನಷ್ಟವನ್ನು ಯಾವ ಲೆಕ್ಕದ ಪುಸ್ತಕದಲ್ಲೂ ತುಂಬಿಸಲಾಗದು.