ತೋಟದ ಹೆಸರು ಹೊತ್ತ ಶಿರಾಜ್

ಖೂಬಾ ಪ್ಲಾಟಿನ ಹಣ್ಣಿನ ಗಾಡಿಯಲ್ಲಿ ಕೆಂಪು ಬಾಳೆ ಕಂಡರೆ ಕಲಬುರಗಿಯ ಮಂದಿ ಬೆಲೆಗಿಂತ ಮೊದಲು ಊರು ಕೇಳುತ್ತಾರೆ. ‘ಕಮಲಾಪುರದ್ದೇನ್ರೀ?’ ಹೌದು ಎಂದರಷ್ಟೇ ಮುಂದಿನ ಮಾತು. ಕೆಂಪು ಬಾಳೆ ಕೇರಳದಲ್ಲೂ ಬೆಳೆಯುತ್ತದೆ, ತಮಿಳುನಾಡಿನಲ್ಲೂ ಬೆಳೆಯುತ್ತದೆ. ಆದರೆ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರದ ಕಮಲಾಪುರದ ಕೆಂಪು ಮಣ್ಣಿನಲ್ಲಿ ಒಂದೂವರೆ ವರ್ಷ ನಿಂತು ಕಾಯಿ ಬಿಟ್ಟ ಬಾಳೆಯ ಘಮವೇ ಬೇರೆ ಎಂಬುದು ಇಲ್ಲಿನವರ ನಾಲಗೆಗೆ ಗೊತ್ತು. ಆ ಹಣ್ಣಿಗೆ ಜಿಐ ಮಾನ್ಯತೆ ಸಿಕ್ಕಿದ್ದೂ ಅದೇ ಕಾರಣಕ್ಕೆ.

ವೈನ್ ಬಲ್ಲವರು ‘ಸಿಂಗಲ್ ವಿನ್ಯಾರ್ಡ್’ ಎಂದು ಕರೆಯುವ ಬಾಟಲಿಯ ಹಿಂದೆ ಇರುವುದೂ ಇದೇ ಪ್ರಶ್ನೆ: ಯಾವ ನೆಲದ್ದು? ಹತ್ತು ಊರಿನ ದ್ರಾಕ್ಷಿ ಬೆರೆಸಿ ಮಾಡಿದ ವೈನ್ ಒಂದು ಬಗೆ. ಒಂದೇ ತೋಟದ, ಒಂದೇ ವರ್ಷದ ಹಣ್ಣಿನಿಂದ ತೆಗೆದದ್ದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಒಂದು ಊರಿನ ಕೊರತೆಯನ್ನು ಇನ್ನೊಂದು ಊರು ತುಂಬುತ್ತದೆ. ಎರಡನೆಯದಕ್ಕೆ ಆ ಆಸರೆ ಇಲ್ಲ. ಆ ವರ್ಷ ಮಳೆ ತಡವಾಗಿ ನಿಂತಿತೋ, ಫೆಬ್ರುವರಿಯಲ್ಲೇ ಬಿಸಿಲು ಏರಿತೋ, ಎಲ್ಲವೂ ಲೋಟಕ್ಕೆ ಬರುತ್ತದೆ. ಹೀಗೆ ನೆಲದ ಗುಣವನ್ನು ಮುಚ್ಚಿಡದೆ ತೋರಿಸುವ ಕಪ್ಪು ದ್ರಾಕ್ಷಿಗಳಲ್ಲಿ ಶಿರಾಜ್ ಮುಂಚೂಣಿಯದು. ನಮ್ಮ ರಾಜ್ಯದ ಮಣ್ಣಿಗೂ ಅದು ಒಗ್ಗಿಕೊಂಡಿದೆ ಎಂಬ ಕಾರಣಕ್ಕೆ ಈ ಪರಿಚಯ.

ಶಿರಾಜ್ ಎಂದರೆ ಇರಾನಿನ ನಗರ, ಕವಿ ಹಾಫಿಜನ ಊರು. ಕಲಬುರಗಿಗೂ ಆ ಊರಿಗೂ ಆರು ಶತಮಾನಗಳ ಹಿಂದಿನ ನಂಟಿದೆ. ಬಹಮನಿ ರಾಜ್ಯದ ರಾಜಧಾನಿ ಇಲ್ಲಿದ್ದಾಗ, 1378ರಿಂದ 1397ರವರೆಗೆ ಆಳಿದ ಎರಡನೆಯ ಮುಹಮ್ಮದ್ ಶಾಹನ ಆಸ್ಥಾನದಲ್ಲಿ ಶಿರಾಜಿನಿಂದ ಬಂದ ವಿದ್ವಾಂಸ ಮೀರ್ ಫಜ್ಲುಲ್ಲಾ ಇಂಜು ಇದ್ದ. ಅವನು ಹಾಫಿಜನಿಗೆ ದಾರಿಯ ಖರ್ಚು ಕಳಿಸಿ ದಖ್ಖನಿಗೆ ಕರೆದನಂತೆ. ಕವಿ ಹೊರ್ಮುಜ್ ಬಂದರಿನವರೆಗೂ ಬಂದು, ಹಡಗು ಹತ್ತಿ, ಬಿರುಗಾಳಿಗೆ ಬೆದರಿ ಇಳಿದುಬಿಟ್ಟ. ತನ್ನ ಬದಲಿಗೆ ಒಂದು ಗಜಲ್ ಕಳಿಸಿದ. ಇದನ್ನು ಬರೆದಿಟ್ಟವನು ಮುಂದೆ ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ.

ಶಿರಾಜ್ ನಗರದಿಂದಲೇ ಈ ದ್ರಾಕ್ಷಿ ಯುರೋಪಿಗೆ ಹೋಯಿತು ಎಂಬ ಕಥೆ ಬಹುಕಾಲ ಚಲಾವಣೆಯಲ್ಲಿತ್ತು. 1998ರ ಸುಮಾರಿಗೆ ಡಿಎನ್‌ಎ ಪರೀಕ್ಷೆ ಅದನ್ನು ತಳ್ಳಿಹಾಕಿತು. ಫ್ರಾನ್ಸಿನ ಆಗ್ನೇಯ ಭಾಗದ ದ್ಯುರೇಜಾ ಎಂಬ ಕಪ್ಪು ತಳಿ ಮತ್ತು ಮೊಂದ್ಯೂಸ್ ಬ್ಲಾಂಶ್ ಎಂಬ ಬಿಳಿ ತಳಿ ಕೂಡಿ ಹುಟ್ಟಿದ ದ್ರಾಕ್ಷಿ ಇದು. ಫ್ರಾನ್ಸಿನಲ್ಲಿ ಅದರ ಹೆಸರು ಸಿರಾ. ರೋನ್ ನದಿಯ ದಂಡೆಯ ಎರ್ಮಿತಾಜ್ ಗುಡ್ಡ ಅದರ ತವರು. 1830ರ ದಶಕದಲ್ಲಿ ಜೇಮ್ಸ್ ಬಸ್ಬಿ ಎಂಬಾತ ಕಡ್ಡಿಗಳನ್ನು ಆಸ್ಟ್ರೇಲಿಯಾಕ್ಕೆ ಒಯ್ದ. ಅಲ್ಲಿ ಅದು ಶಿರಾಜ್ ಎಂಬ ಹೆಸರಲ್ಲಿ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಫಿಲಾಕ್ಸೆರಾ ಎಂಬ ಬೇರುಹುಳು ಯುರೋಪಿನ ತೋಟಗಳನ್ನು ನುಂಗಿಹಾಕಿದಾಗಲೂ ದಕ್ಷಿಣ ಆಸ್ಟ್ರೇಲಿಯಾಕ್ಕೆ ಅದು ಕಾಲಿಡಲಿಲ್ಲ. ಹಾಗಾಗಿ 1840ರ ದಶಕದಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಅಲ್ಲಿನ ಬರೋಸಾ ಕಣಿವೆಯಲ್ಲಿ ಇಂದಿಗೂ ಹಣ್ಣು ಕೊಡುತ್ತಿವೆ.

ಬೆರಕೆ ದೊಡ್ಡದೋ ಒಂಟಿ ತೋಟ ದೊಡ್ಡದೋ ಎಂಬ ವಾದ ನಡೆದಾಗಲೆಲ್ಲ ಆ ದೇಶದ ಎರಡು ಶಿರಾಜ್‌ಗಳ ಹೆಸರು ಬರುತ್ತದೆ. ಒಂದು, 1951ರಲ್ಲಿ ಪೆನ್‌ಫೋಲ್ಡ್ಸ್ ಕಂಪನಿಯ ಮ್ಯಾಕ್ಸ್ ಶೂಬರ್ಟ್ ಶುರುಮಾಡಿದ ಗ್ರೇಂಜ್. ಅದು ಬೇರೆಬೇರೆ ತೋಟಗಳ ಉತ್ತಮ ಹಣ್ಣನ್ನು ಆರಿಸಿ ಕೂಡಿಸಿದ್ದು. ಇನ್ನೊಂದು, ಹೆನ್ಶ್ಕಿ ಮನೆತನದ ‘ಹಿಲ್ ಆಫ್ ಗ್ರೇಸ್’. 1860ರ ಆಸುಪಾಸಿನಲ್ಲಿ ನೆಟ್ಟ ಒಂದೇ ತೋಟದ ಹಣ್ಣಿನಿಂದ 1958ರಲ್ಲಿ ಮೊದಲ ಸಲ ತೆಗೆದದ್ದು. ಎರಡಕ್ಕೂ ಭಾರಿ ಬೆಲೆ, ಎರಡಕ್ಕೂ ಭಾರಿ ಗೌರವ. ಗ್ರೇಂಜ್ ವೈನ್ ಮಾಡುವವನ ಕೈಗುಣಕ್ಕೆ ಸಾಕ್ಷಿ, ಹಿಲ್ ಆಫ್ ಗ್ರೇಸ್ ನೆಲದ ಗುಣಕ್ಕೆ. ನನ್ನ ಒಲವು ಎರಡನೆಯದರ ಕಡೆಗೆ. ಜಾಣ ಕೈಯನ್ನು ಸಂಬಳ ಕೊಟ್ಟು ಎಲ್ಲಿಗಾದರೂ ಕರೆಸಬಹುದು, ಹೊಲವನ್ನು ಕಿತ್ತು ಒಯ್ಯಲಾಗುವುದಿಲ್ಲ.

ಹಾಗಾದರೆ ಶಿರಾಜಿನ ರುಚಿ ಹೇಗೆ? ಬಣ್ಣ ದಟ್ಟ, ನೇರಳೆಗಪ್ಪು. ಮೂಗಿಗೆ ಮೊದಲು ಬರುವುದು ಕಳಿತ ನೇರಳೆ ಹಣ್ಣಿನ ವಾಸನೆ, ಅದರ ಬೆನ್ನಿಗೆ ಕರಿಮೆಣಸು. ಈ ಮೆಣಸಿನ ಘಾಟು ಬರೀ ಕಲ್ಪನೆಯಲ್ಲ. ಕರಿಮೆಣಸಿಗೆ ಅದರ ವಾಸನೆ ಕೊಡುವ ರೊಟಂಡೋನ್ ಎಂಬ ಅಂಶವೇ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಒಂದು ಲೀಟರಿನಲ್ಲಿ ಗ್ರಾಮಿನ ನೂರು ಕೋಟಿಯಲ್ಲಿ ಹದಿನಾರು ಭಾಗದಷ್ಟಿದ್ದರೂ ಮೂಗು ಅದನ್ನು ಹಿಡಿಯುತ್ತದೆ. ಅಚ್ಚರಿಯೆಂದರೆ ಐವರಲ್ಲಿ ಒಬ್ಬರಿಗೆ ಆ ವಾಸನೆ ತಿಳಿಯುವುದೇ ಇಲ್ಲ. ಒಂದೇ ಬಾಟಲಿಯ ಬಗ್ಗೆ ಗಂಡ ಹೆಂಡಿರ ಅಭಿಪ್ರಾಯ ಬೇರೆಯಾದರೆ ಇಬ್ಬರೂ ಸರಿಯಿರಬಹುದು. ತಂಪು ನೆಲದಲ್ಲಿ ಈ ಮೆಣಸು ಹೆಚ್ಚು, ಬಿಸಿ ನೆಲದಲ್ಲಿ ಕಡಿಮೆ. ಅಲ್ಲಿ ಹಣ್ಣಿನ ಕಂಪು, ಜ್ಯೇಷ್ಠಮಧುವಿನ ಸಿಹಿ ವಾಸನೆ ಮುಂದಾಗುತ್ತವೆ. ಒಂದೇ ತೋಟದೊಳಗೂ ಇಳಿಜಾರಿನ ಬಿಸಿಲುಬದಿಗೂ ನೆರಳುಬದಿಗೂ ಈ ಅಂತರ ಕಾಣುತ್ತದೆ ಎಂದು ಅಳೆದು ನೋಡಿದ್ದಾರೆ.

ಬಾಯಿಗೆ ಹಾಕಿದಾಗ ಗಮನಿಸಬೇಕಾದದ್ದು ಒಗರು. ಸಿಪ್ಪೆ, ಬೀಜಗಳಿಂದ ಇಳಿದ ಒಗರು ಒಸಡನ್ನು ಹಿಡಿಯುತ್ತದೆ. ಕಳಪೆ ವೈನಿನಲ್ಲಿ ಅದು ಹಸಿ ಕಾಯಿ ಕಚ್ಚಿದ ಹಾಗಿರುತ್ತದೆ. ಒಳ್ಳೆಯ ಶಿರಾಜಿನಲ್ಲಿ ಒಗರು ನಯವಾಗಿ ಹರಡಿ, ಹುಳಿಯ ಜೊತೆ ಕೂಡಿ ಬಹಳ ಹೊತ್ತು ನಿಲ್ಲುತ್ತದೆ. ನುಂಗಿದ ಮೇಲೂ ಮೆಣಸು, ಹೊಗೆ, ಸುಟ್ಟ ಮಾಂಸದ ಛಾಯೆ ಒಂದೊಂದಾಗಿ ಬರುತ್ತಿದ್ದರೆ ಅದು ಮೇಲ್ತರದ್ದು. ಓಕ್ ಮರದ ಪೀಪಾಯಿಯಲ್ಲಿ ಹನ್ನೆರಡರಿಂದ ಹದಿನೆಂಟು ತಿಂಗಳು ಇಟ್ಟಾಗ ವೆನಿಲ್ಲಾ, ಲವಂಗದ ವಾಸನೆಯೂ ಸೇರುತ್ತದೆ. ದುಬಾರಿ ಬಾಟಲಿಗಳು ಇಲ್ಲೇ ಎಡವುತ್ತವೆ. ಪೀಪಾಯಿಯ ವಾಸನೆಯೇ ಮೇಲಾಗಿ, ತೋಟದ ದನಿ ಕೇಳದೆ ಹೋದರೆ ತೋಟದ ಹೆಸರು ಹಾಕಿ ಏನು ಫಲ?

ದ್ರಾಕ್ಷಿ ನಮ್ಮ ಸೀಮೆಗೆ ಹೊಸದಲ್ಲ. ಆಳಂದದಲ್ಲಿ ತೋಟಗಳಿವೆ, ವಿಜಯಪುರದ ತಿಕೋಟಾ ಒಣದ್ರಾಕ್ಷಿಗೆ ಹೆಸರಾದ ಊರು. ಆದರೆ ತಿನ್ನುವ ದ್ರಾಕ್ಷಿಯ ಲೆಕ್ಕವೇ ಬೇರೆ. ಥಾಮ್ಸನ್, ಸೋನಾಕಾ, ಮಾಣಿಕ್ ಚಮನ್ ಬೆಳೆಯುವ ರೈತ ಎಕರೆಗೆ ಹತ್ತು ಟನ್ ದಾಟಿಸಲು ಬೆವರು ಹರಿಸುತ್ತಾನೆ. ಮೇಲ್ತರದ ಶಿರಾಜ್ ಬೇಕಾದರೆ ಮೂರು ನಾಲ್ಕು ಟನ್ನಿಗೆ ಸಮಾಧಾನ ಪಡಬೇಕು, ಕಾಯಿ ಬಣ್ಣಕ್ಕೆ ತಿರುಗುವ ಹೊತ್ತಿಗೆ ಗೊಂಚಲುಗಳನ್ನು ಕತ್ತರಿಸಿ ನೆಲಕ್ಕೆ ಕೆಡವಬೇಕು. ಉಳಿದ ಗೊಂಚಲಿಗೆ ಬಳ್ಳಿಯ ಸಾರವೆಲ್ಲ ಹೋಗಲಿ ಎಂದು. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ತಿನ್ನಲು ಹಿತವಿಲ್ಲ. ಬಣ್ಣವೂ ಒಗರೂ ಕಂಪೂ ಆ ಸಿಪ್ಪೆಯಲ್ಲೇ ಇರುವುದರಿಂದ ಹಣ್ಣನ್ನು ಜಜ್ಜಿ, ರಸವನ್ನು ಸಿಪ್ಪೆಯ ಜೊತೆಗೇ ಒಂದೆರಡು ವಾರ ಹುದುಗಲು ಬಿಡುತ್ತಾರೆ.

ಬಳ್ಳಿಯ ದಿನಚರಿಯೂ ಇಲ್ಲಿ ಬೇರೆ. ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯಿಲ್ಲ. ಆದ್ದರಿಂದ ವರ್ಷಕ್ಕೆ ಎರಡು ಚಾಟಣಿ: ಏಪ್ರಿಲ್‌ನದು ಕಡ್ಡಿಗೆ, ಸೆಪ್ಟೆಂಬರ್–ಅಕ್ಟೋಬರಿನದು ಹಣ್ಣಿಗೆ. ಮಳೆಗಾಲ ಕಳೆದ ಮೇಲೆ ಕಾಯಿ ಕಟ್ಟಿ, ಒಣ ಹವೆಯಲ್ಲಿ ಬಲಿತು ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕೊಯ್ಲು. ಹಗಲು ಬಿಸಿಲೇರಿದಂತೆ ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಈ ಎರಡರ ನಡುವಿನ ಸರಿಯಾದ ದಿನ ಹಿಡಿಯುವುದೇ ಇಲ್ಲಿನ ದೊಡ್ಡ ವಿದ್ಯೆ. ಕತ್ತಲಲ್ಲೇ, ಹಣ್ಣು ತಣ್ಣಗಿರುವಾಗಲೇ ಕೊಯ್ಯುವುದೂ ಅದಕ್ಕಾಗಿಯೇ.

ಮಣ್ಣಿನ ವಿಷಯಕ್ಕೆ ಬಂದರೆ, ಕಲಬುರಗಿಯ ಎರೆಭೂಮಿ ತೊಗರಿಗೆ ತಾಯಿ. ಶಿರಾಜಿಗೆ ಅದು ಅತಿಯಾಗುತ್ತದೆ. ನೀರು ಹಿಡಿದಿಟ್ಟು ಬಳ್ಳಿಯನ್ನು ಸೊಕ್ಕಿಸುತ್ತದೆ, ಎಲೆ ಹೆಚ್ಚಿ ಹಣ್ಣು ಸಪ್ಪೆಯಾಗುತ್ತದೆ. ಅದಕ್ಕೆ ಬೇಕಾದದ್ದು ನೀರು ಬಸಿದು ಹೋಗುವ ಮಸಾರಿ, ಕಲ್ಲು ಬೆರೆತ ಗರಸು ನೆಲ. ಕಲ್ಯಾಣ ಕರ್ನಾಟಕದಲ್ಲಿ ಅಂಥ ನೆಲದ ಮೇಲೆ ನಿಂತ ತೋಟವೆಂದರೆ ಕೊಪ್ಪಳ ಜಿಲ್ಲೆಯ ಕ್ರಿಸ್ಮಾ ಎಸ್ಟೇಟ್ಸ್. ಹೈದರಾಬಾದಿನ ಉದ್ಯಮಿ ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಉಮಾ ದಂಪತಿ ಕಟ್ಟಿದ್ದು. ಸುತ್ತ ಹಂಪಿ ಸೀಮೆಯ ಕಣಶಿಲೆಯ ಗುಡ್ಡಗಳು, ಕೆಳಗೆ ಕೆಂಪು ಮಣ್ಣು. ಸ್ವಂತ ತೋಟದ ಹಣ್ಣಿನಿಂದಲೇ ವೈನ್ ಮಾಡುವುದು ಅವರ ನೇಮ, ಬಾಟಲಿಯ ಮೇಲೆ ‘ಹಂಪಿ ಹಿಲ್ಸ್’ ಎಂದೇ ಬರೆಯುತ್ತಾರೆ. ಕ್ಯಾಬರ್ನೇ ಸೊವಿನ್ಯೋನ್, ಸ್ಯಾಂಜಿಯೊವೇಸೆ ಜೊತೆಗೆ ಸಿರಾ ಕೂಡ ಅಲ್ಲಿದೆ. ಜಗತ್ತಿನ ವೈನ್ ನಕಾಶೆಯಲ್ಲಿ ನಮ್ಮ ಹಿಂದುಳಿದ ಸೀಮೆಯ ಒಂದು ಗುಡ್ಡದ ಹೆಸರು ಸೇರಿದೆಯಲ್ಲ, ಇದು ಹೆಮ್ಮೆಪಡುವ ಸಂಗತಿ.

ರಾಜ್ಯದಲ್ಲಿ ಇದಕ್ಕೆ ಮೊದಲ ದಾರಿ ತೆರೆದವರು ಕನ್ವಲ್ ಗ್ರೋವರ್. ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ 1980ರ ದಶಕದಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟು ನೋಡಿದರು. ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್, ಆಮೇಲೆ ಬೋರ್ಡೊದ ಮಿಶೆಲ್ ರೊಲಾಂ ಅವರಿಗೆ ಸಲಹೆ ಕೊಟ್ಟರು. ಅವರ ‘ಲಾ ರಿಸರ್ವ್’ ಕ್ಯಾಬರ್ನೇ ಸೊವಿನ್ಯೋನ್ ಮತ್ತು ಶಿರಾಜ್ ಕೂಡಿದ ಬೆರಕೆ. ಕನ್ನಡ ನಾಡಿನ ಶಿರಾಜನ್ನು ಹೊರದೇಶದವರು ಮೊದಲು ಸವಿದದ್ದು ಇದರಲ್ಲೇ ಎನ್ನಬಹುದು. ಸುಮಾರು 900 ಮೀಟರ್ ಎತ್ತರದ ನಂದಿ ತಪ್ಪಲಿನ ರಾತ್ರಿಗಳು ತಣ್ಣಗಿರುವುದರಿಂದ ಅಲ್ಲಿನ ಹಣ್ಣಿನಲ್ಲಿ ಹುಳಿ ಉಳಿಯುತ್ತದೆ. ಕೊಪ್ಪಳದ ಬಿಸಿಲಿಗೆ ಹಣ್ಣು ಇನ್ನಷ್ಟು ಬಲಿತು ಗಟ್ಟಿಯಾಗುತ್ತದೆ. ಕಲಬುರಗಿಯವರು ಸೊಲ್ಲಾಪುರ, ಪಂಢರಪುರ ದಾಟಿ ಹೋದರೆ ಅಕಲೂಜಿನಲ್ಲಿ ಫ್ರಾಟೆಲ್ಲಿ ತೋಟಗಳಿವೆ. ಇಟಲಿಯ, ದಿಲ್ಲಿಯ, ಅಕಲೂಜಿನ ಮೂರು ಜೋಡಿ ಅಣ್ಣತಮ್ಮಂದಿರು ಕೂಡಿ 2007ರ ಹೊತ್ತಿಗೆ ಕಟ್ಟಿದ ಸಂಸ್ಥೆ ಅದು. ಅವರಲ್ಲೂ ಶಿರಾಜ್ ಇದೆ.

ಸರ್ಕಾರವೂ ಕೈಕಟ್ಟಿ ಕೂತಿಲ್ಲ. 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು, ವೈನ್ ಮಂಡಳಿಯಾಯಿತು, ನಂದಿ ಕಣಿವೆ ಮತ್ತು ಕೃಷ್ಣಾ ಕಣಿವೆಗಳನ್ನು ವೈನ್ ದ್ರಾಕ್ಷಿಯ ಸೀಮೆಗಳೆಂದು ಗುರುತಿಸಿದರು. ಬೀದರಿನಿಂದ ಚಿಂಚೋಳಿಯತ್ತ ಚಾಚಿದ ಜಂಬಿಟ್ಟಿಗೆಯ ಕೆಂಪು ನೆಲದಲ್ಲೂ ನಾಲ್ಕಾರು ಎಕರೆ ಶಿರಾಜ್ ನೆಟ್ಟು ನೋಡಬೇಕು ಎಂಬುದು ನನ್ನ ಆಸೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಂಥ ಸಂಸ್ಥೆ ಮುಂದೆ ನಿಂತರೆ ಒಂದು ತೋಟದ ಗುಣ ತಿಳಿಯಲು ಐದಾರು ಕೊಯ್ಲು ಸಾಕು.

ಕೊಳ್ಳುವವರಿಗೆ ಒಂದೆರಡು ಮಾತು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಅಂಗಡಿಯ ಮೇಲ್ತಟ್ಟೆಯ ಮೇಲೆ ತಿಂಗಳುಗಟ್ಟಲೆ ನಿಂತ ವೈನ್ ಬೆಂದುಹೋಗಿರುತ್ತದೆ. ಎಷ್ಟೇ ಹೆಸರುವಾಸಿ ತೋಟದ್ದಾದರೂ ಅದರಲ್ಲಿ ತೋಟ ಉಳಿದಿರುವುದಿಲ್ಲ. ತಂಪಾಗಿಟ್ಟ ಅಂಗಡಿಯಲ್ಲೇ ಕೊಳ್ಳಿ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ಕೋಣೆಗೆ ಸರಿ, ಕಲಬುರಗಿಯ ಕೋಣೆಗಲ್ಲ. ಅರ್ಧ ಗಂಟೆಗೂ ಮೇಲೆ ಫ್ರಿಜ್ಜಿನಲ್ಲಿಟ್ಟು, 16ರಿಂದ 18 ಡಿಗ್ರಿಗೆ ಇಳಿಸಿ, ಅಗಲ ಬಾಯಿಯ ಲೋಟಕ್ಕೆ ಸುರಿದು ಸ್ವಲ್ಪ ಗಾಳಿಯಾಡಲು ಬಿಡಿ. ಊಟಕ್ಕೆ ನಮ್ಮ ತಹರಿ ಇದರ ಜೊತೆ ಚೆನ್ನಾಗಿ ಹೋಗುತ್ತದೆ, ಮಾಂಸದ ಜಿಡ್ಡು ಒಗರನ್ನು ಮೆದುಗೊಳಿಸುತ್ತದೆ. ಮಾಂಸ ತಿನ್ನದವರಿಗೆ ಶೇಂಗಾ ಪುಡಿ ತುಂಬಿದ ಎಣ್ಣೆಗಾಯಿ ಬದನೆ, ಜೋಳದ ರೊಟ್ಟಿ. ಆದರೆ ಕೆಂಪು ಖಾರ ಕೈ ಹಿಡಿದು ಹಾಕಿ. ಶೇಕಡಾ ಹದಿನಾಲ್ಕರಷ್ಟು ಮದ್ಯಸಾರವಿರುವ ಪಾನೀಯಕ್ಕೆ ಖಾರ ಸೇರಿದರೆ ಬಾಯಿ ಉರಿಯುತ್ತದೆಯೇ ಹೊರತು ರುಚಿ ಸಿಗುವುದಿಲ್ಲ. ಕುಡಿಯುವುದೂ ಅಷ್ಟೇ, ಒಂದು ಲೋಟವನ್ನು ಒಂದು ತಾಸು ಸವಿಯಬೇಕು.

ವೈನರಿಗಳಿಗೂ ವೈನ್ ಮಂಡಳಿಗೂ ಒಂದು ಬಿನ್ನಹವಿದೆ. ಅಮೆರಿಕದಲ್ಲಿ ಬಾಟಲಿಯ ಮೇಲೆ ತೋಟದ ಹೆಸರು ಬರೆಯಬೇಕಾದರೆ ಶೇಕಡಾ 95ರಷ್ಟು ದ್ರಾಕ್ಷಿ ಆ ತೋಟದ್ದೇ ಇರಬೇಕೆಂಬ ನಿಯಮವಿದೆ. ಅಂಥ ಕಟ್ಟುನಿಟ್ಟನ್ನು ನಮ್ಮಲ್ಲೂ ಪಾಲಿಸಿ. ತೋಟದ ಊರು, ಮಣ್ಣಿನ ಬಗೆ, ಕೊಯ್ಲಿನ ತಿಂಗಳು ಮತ್ತು ವರ್ಷ, ಈ ನಾಲ್ಕನ್ನು ಪ್ರತಿ ಬಾಟಲಿಯ ಹಿಂದೆ ಕನ್ನಡದಲ್ಲೂ ಅಚ್ಚು ಹಾಕಿಸಿ.